ಸೋಂಕು ಹೋಯಿತು, ಆಡಳಿತಾಧಿಕಾರಿ ಉಳಿದರು

ಮಾನ್ಯ ಸಂಪಾದಕರೇ,

ಕೋವಿಡ್ ಕಾಲದಲ್ಲಿ ಮುಚ್ಚಿದ ಶಾಲೆ, ಸಂತೆ, ಚಿತ್ರಮಂದಿರಗಳೆಲ್ಲ ತೆರೆದು ವರ್ಷಗಳೇ ಆದವು. ಆದರೆ 2021ರ ಬೇಸಿಗೆಯಲ್ಲಿ ಸೋಂಕಿನ ಕಾರಣ ಹೇಳಿ ಮುಂದೂಡಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ ನಾಲ್ಕು ವರ್ಷ ಕಳೆದರೂ ನಡೆಯಲಿಲ್ಲ.

ಆಗಿನ ಭೀತಿ ಸುಳ್ಳೆಂದು ನಾನು ಹೇಳುವುದಿಲ್ಲ. ಎರಡನೇ ಅಲೆಯಲ್ಲಿ ಆಮ್ಲಜನಕಕ್ಕಾಗಿ ಅಲೆದವರನ್ನು ಕಂಡಿದ್ದೇನೆ. ಆದರೆ ಇದೇ ರಾಜ್ಯದಲ್ಲಿ 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಸೋಂಕು ಏರುತ್ತಿದ್ದ 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭೆ, ಮಸ್ಕಿ ಮತ್ತು ಬಸವಕಲ್ಯಾಣ ವಿಧಾನಸಭೆ ಕ್ಷೇತ್ರಗಳ ಉಪಚುನಾವಣೆಯೂ ನಡೆಯಿತು. ಅವುಗಳಿಗೆ ಅಡ್ಡಿಯಾಗದ ರೋಗ ನಮ್ಮ ಪಂಚಾಯಿತಿಗಳಿಗೆ ಮಾತ್ರ ಅಡ್ಡಿಯಾಯಿತು! ಅದೇ ವರ್ಷ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ಪುನರ್ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಕೊಟ್ಟಿತು; ಚುನಾವಣೆ ಮತ್ತೆ ಮುಂದೆ ಹೋಯಿತು. 2023ರಲ್ಲಿ ಸರ್ಕಾರವೇ ಬದಲಾದರೂ ಈ ವಿಷಯದಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ನಾನು 2016ರಿಂದ ಐದು ವರ್ಷ ತಾಲ್ಲೂಕು ಪಂಚಾಯಿತಿ ಸದಸ್ಯೆಯಾಗಿದ್ದೆ. ಈಚೆಗೆ ಊರಿನ ಕೊಳವೆಬಾವಿಯ ಮೋಟಾರು ದುರಸ್ತಿಗೆಂದು ಅದೇ ಕಚೇರಿಗೆ ಹೋದಾಗ, ನಾವು ಸಾಮಾನ್ಯ ಸಭೆ ನಡೆಸುತ್ತಿದ್ದ ಕೊಠಡಿಯಲ್ಲಿ ಕಡತಗಳ ಗಂಟು ಪೇರಿಸಿದ್ದರು. ಅಧ್ಯಕ್ಷರ ಹೆಸರಿನ ಫಲಕದಲ್ಲಿ ಕೊನೆಯವರ ಮುಂದೆ ‘ಇಂದ’ ಎಂಬಲ್ಲಿ ದಿನಾಂಕವಿದೆ, ‘ವರೆಗೆ’ ಎಂಬ ಕಲಂ ಇನ್ನೂ ಖಾಲಿ. ಅಂದು ಅಂಗನವಾಡಿ ಸೋರಿದರೂ, ಆಸ್ಪತ್ರೆಗೆ ವೈದ್ಯರು ಬಾರದಿದ್ದರೂ ಸಭೆಯಲ್ಲಿ ಎದ್ದು ನಿಂತು ಕೇಳುತ್ತಿದ್ದೆವು, ಅಧಿಕಾರಿ ಉತ್ತರಿಸಲೇಬೇಕಿತ್ತು. ಇಂದು ಚುನಾಯಿತರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯನ್ನು ಪ್ರಶ್ನಿಸುವವರೇ ಅಲ್ಲಿಲ್ಲ; ಯಾವ ಕಾಮಗಾರಿಗೆ ಎಷ್ಟು ಹಣ ಎಂದು ನಿರ್ಧರಿಸುವ ಕ್ರಿಯಾ ಯೋಜನೆಯಲ್ಲಿ ಶಾಸಕರ ಮಾತೇ ಅಂತಿಮ. ಅವರಿಗೂ ಇದು ಒಗ್ಗಿಹೋಗಿರಬೇಕು, ಏಕೆಂದರೆ ಯಾವ ಪಕ್ಷದ ಶಾಸಕರೂ ಚುನಾವಣೆಗಾಗಿ ಧರಣಿ ಕುಳಿತದ್ದನ್ನು ನಾನು ನೋಡಿಲ್ಲ.

ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ಕಾಯ್ದೆಯಡಿ, ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ನೀಡಿದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರಲ್ಲಿ ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ ನೀಡಿ ಜಿಲ್ಲಾ ಪರಿಷತ್ ಚುನಾವಣೆ ನಡೆಸಿದ ರಾಜ್ಯವಿದು. ಅವಧಿ ಮುಗಿಯುವ ಮುನ್ನ ಚುನಾವಣೆ ನಡೆಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಯಾವ ಕ್ಷೇತ್ರ ಯಾವ ವರ್ಗಕ್ಕೆ ಮೀಸಲು ಎಂಬ ಪಟ್ಟಿಯ ನೆಪವನ್ನು ಸರ್ಕಾರ ಬಿಟ್ಟು ಮತದಾನದ ದಿನಾಂಕವನ್ನು ಪ್ರಕಟಿಸುವ ದಾರಿ ತೆರೆಯಲಿ.

– ತಾಲ್ಲೂಕು ಪಂಚಾಯಿತಿಯ ಮಾಜಿ ಸದಸ್ಯೆ