ಶಾಲೆಗೆ ಬರುವ ಸಂಸ್ಥೆಗಳು ಮೊದಲು ಎಸ್‌ಡಿಎಂಸಿ ಮುಂದೆ ಬರಲಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ನಾನು ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಸ್ವಯಂಸೇವಾ ಸಂಸ್ಥೆಗಳು ನಮ್ಮ ಶಾಲೆಗಳಿಗೆ ಬರಬೇಕು ಎನ್ನುವವಳೇ. ಆದರೆ ಈಗ ಅವು ಬರುತ್ತಿರುವ ದಾರಿ ಸರಿಯಿಲ್ಲ, ಅದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲಿದೆ.

ನಮ್ಮ ಶಾಲೆಯ ಕಚೇರಿಯಲ್ಲೊಂದು ಸ್ಟೀಲ್ ಬೀರು ಇದೆ. ಸಂಸ್ಥೆಯೊಂದು ಕೊಟ್ಟ ವಿಜ್ಞಾನ ಕಿಟ್ ಅದರೊಳಗಿದೆ: ಮಸೂರ, ಅಯಸ್ಕಾಂತ, ತಂತಿ, ಪುಟ್ಟ ಬಲ್ಬುಗಳು. ಒಂದು ಒಡೆದರೂ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡುವವರು ಯಾರು ಎಂಬ ಭಯಕ್ಕೆ ಬೀರುವಿಗೆ ಬೀಗ ಬಿದ್ದಿದೆ. ಹಸ್ತಾಂತರದ ಫೋಟೊ ಮಾತ್ರ ಅಂದೇ ವಾಟ್ಸ್‌ಆಪ್ ಗುಂಪುಗಳನ್ನೆಲ್ಲ ಸುತ್ತಿತು. ಎಸ್‌ಡಿಎಂಸಿಗೆ ವಿಷಯ ತಿಳಿದದ್ದು ಸಹಿಗೆ ಕರೆದಾಗ! ಮುಖ್ಯ ಶಿಕ್ಷಕರನ್ನು ದೂರಲಾರೆ. ಒಡೆದದ್ದಕ್ಕೆ ಕೈಯಿಂದ ದುಡ್ಡು ಕಟ್ಟಬೇಕಾದೀತು ಎಂದರೆ ಯಾರಾದರೂ ಬೀಗವನ್ನೇ ಹಾಕುತ್ತಾರೆ.

ಹೊರಗಿನವರ ಕೆಲಸ ಇಲ್ಲೇ ಬೇರು ಬಿಟ್ಟಿದ್ದೂ ಉಂಟು. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಆದರೆ ಕಲಿಕೆಯ ಕಾರ್ಡು, ಹಂತಹಂತವಾಗಿ ಮುಂದೆ ಸಾಗುವ ಕಲಿಕಾ ಏಣಿಗಳನ್ನು ತಮ್ಮ ಮಕ್ಕಳಿಗೆ ಹೊಂದುವಂತೆ ಕಟ್ಟಿಕೊಂಡವರು ಆ ಶಿಕ್ಷಕರೇ. ನಲಿ-ಕಲಿ ಎಂಬ ಈ ಕಲಿಕೆಯ ಪದ್ಧತಿ ಇಡೀ ರಾಜ್ಯಕ್ಕೆ ಹಬ್ಬಿದ್ದು ಹಾಗೆ. (ಈಗ ಅದು ಹಲವೆಡೆ ಬರೀ ಕಾರ್ಡು ಜೋಡಿಸುವ ಕೆಲಸವಾಗಿದೆ ಎಂಬ ದೂರು ನನಗೂ ಗೊತ್ತು, ಅದು ಬೇರೆಯೇ ಪತ್ರ.) ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಜೊತೆಗಿದ್ದ ಸಂಸ್ಥೆಯೊಂದು 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಕಟ್ಟಿತ್ತು. ಇಂದು ನಿಮ್ಮ ಸರ್ಕಾರ ನಡೆಸುವ ಮಕ್ಕಳ ಗ್ರಾಮ ಸಭೆಗೆ ಅಂಥ ಪ್ರಯತ್ನಗಳೇ ದಾರಿ ಮಾಡಿಕೊಟ್ಟವು.

ಶಾಲೆಯ ಮಟ್ಟದಲ್ಲಿ ಇಂಥದ್ದನ್ನು ಬೆಳೆಸಲು ಹೊಸ ಕಾನೂನೇನೂ ಬೇಕಿಲ್ಲ. 2001ರ ಆದೇಶದಿಂದ ಎಸ್‌ಡಿಎಂಸಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. 22ನೇ ಕಲಮು ಶಾಲಾ ಅಭಿವೃದ್ಧಿ ಯೋಜನೆ ಮಾಡುವ ಕೆಲಸವನ್ನು ನಮಗೇ ವಹಿಸಿದೆ. ಹಾಗಿದ್ದೂ ಸಂಸ್ಥೆಗಳ ಒಪ್ಪಂದಕ್ಕೆ ಸಹಿ ಬೀಳುವುದು ಬೆಂಗಳೂರಿನಲ್ಲಿ. ನಮ್ಮ ಯೋಜನೆ ಕಡತದಲ್ಲೇ ಕೂರುತ್ತದೆ.

ಇಷ್ಟು ಮಾಡಿ. ಇಲಾಖೆ ಜೊತೆ ಒಪ್ಪಂದ ಮಾಡಿಕೊಂಡ ಯಾವುದೇ ಸಂಸ್ಥೆ ಶಾಲೆಗೆ ಕಾಲಿಡುವ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಕೂತು, ಏನು ಮಾಡುತ್ತೇವೆ, ಎಷ್ಟು ದಿನ, ಹೋಗುವಾಗ ಯಾರಿಗೆ ಒಪ್ಪಿಸುತ್ತೇವೆ ಎಂದು ಹೇಳಲಿ. ಒಪ್ಪಿಗೆಯಾದರೆ ಅದು ನಮ್ಮ ಯೋಜನೆಯಲ್ಲಿ ಸೇರಲಿ. ಬಳಸುವಾಗ ಒಡೆದ ಕಲಿಕಾ ಸಾಮಗ್ರಿಯನ್ನು ದಾಸ್ತಾನಿನಿಂದ ತೆಗೆಯಲು ಸಮಿತಿಯ ಠರಾವು ಸಾಕೆಂದು ಸುತ್ತೋಲೆ ಹೊರಡಿಸಿ. ನಮ್ಮ ಮಕ್ಕಳಿಗೆ ಪರೀಕ್ಷೆ ಮಾಡಿ ಅಂಕಿಅಂಶ ಒಯ್ಯುವವರು ಫಲಿತಾಂಶವನ್ನು ಕನ್ನಡದಲ್ಲಿ ನಮ್ಮ ಮುಂದೆಯೂ ಓದಲಿ. ಯಾವ ಮಗುವಿಗೆ ಕಳೆಯುವ ಲೆಕ್ಕ ಬರುವುದಿಲ್ಲ ಎಂದು ತಾಯಿಗೆ ಗೊತ್ತಾಗದೆ ರಾಜಧಾನಿಗೆ ಗೊತ್ತಾಗಿ ಏನು ಪ್ರಯೋಜನ?

ಸಂಸ್ಥೆಗಳ ದುಡ್ಡಿನ ವಿಚಾರದಲ್ಲೂ ಒಂದು ಮಾತು. ಶಾಲೆಯಲ್ಲಿ ವಾರಕ್ಕೆ ಎರಡು ದಿನವಿದ್ದ ಮೊಟ್ಟೆ 2024ರಲ್ಲಿ ಆರು ದಿನವಾಯಿತು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ ಅದು ಸಾಧ್ಯವಾಯಿತು. ತುಂಬಾ ಒಳ್ಳೆಯ ಕೆಲಸ. ಆ ಅವಧಿ ಮುಗಿದ ಮೇಲೆ ಉಳಿದ ನಾಲ್ಕು ದಿನದ ಮೊಟ್ಟೆಯ ಖರ್ಚು ಯಾರದು? ಬಜೆಟ್‌ನಲ್ಲಿ ಅದಕ್ಕೆ ಜಾಗ ಮಾಡುವುದಾಗಿ ಈಗಲೇ ಹೇಳಿಬಿಡಿ.

ಕೊನೆಯದಾಗಿ, ಶಿಕ್ಷಕರ ಹುದ್ದೆ ಖಾಲಿಯಿದ್ದ ಕಡೆ ಸಂಸ್ಥೆಯ ಸ್ವಯಂಸೇವಕರನ್ನು ಕೂರಿಸಿ ಕೈತೊಳೆದುಕೊಳ್ಳುವ ರೂಢಿ ನಿಲ್ಲಿಸಿ. ಗಣಿತಕ್ಕೆ ಕಾಯಂ ಶಿಕ್ಷಕರನ್ನು ಕೊಡಿ ಎಂದು ಕೇಳಿದರೆ, 'ಆ ಸಂಸ್ಥೆಯವರು ಬರುತ್ತಾರಲ್ಲ' ಎಂಬ ಉತ್ತರ ಇನ್ನು ಮುಂದೆ ನಮಗೆ ಬರಬಾರದು.

ಇತಿ,
ಎಸ್‌ಡಿಎಂಸಿ ಸದಸ್ಯೆ ಮತ್ತು ಐದನೇ ತರಗತಿಯ ಮಗುವಿನ ತಾಯಿ