46 ಕೆ.ಜಿ. 160 ಆದದ್ದು ಹೇಗೆ, ಸಚಿವರೇ?

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರ.

ನಾನು ಸುಂಟಿಕೊಪ್ಪದ ಹತ್ತಿರ ಜೇನುಪೆಟ್ಟಿಗೆ ಮಾಡುವವನು. ಹೋದ ತಿಂಗಳು ತುಮಕೂರಿನ ತೋಟವೊಂದಕ್ಕೆ ಎಂಟು ಖಾಲಿ ಪೆಟ್ಟಿಗೆ ಕಳಿಸಬೇಕಿತ್ತು. ಇಷ್ಟಕ್ಕೆ ಇಡೀ ಗಾಡಿ ಮಾಡಲು ಆಗುತ್ತದಾ? ನಮ್ಮ ಕೊಡಗು ಜಿಲ್ಲೆಗೆ ರೈಲೂ ಇಲ್ಲ. ಬೇರೆಯವರ ಮಾಲಿನ ಜೊತೆ ಒಂದೇ ಲಾರಿಯಲ್ಲಿ ಹಾಕುವ ಪಾರ್ಟ್ ಲೋಡೇ ಗತಿ.

ಕುಶಾಲನಗರದ ಒಂದು ಪಾರ್ಸೆಲ್ ಆಫೀಸಿಗೆ ಒಯ್ದೆ. ತಕ್ಕಡಿಯಲ್ಲಿ 46 ಕೆ.ಜಿ. ಬಂತು. ಆಮೇಲೆ ಹುಡುಗ ಟೇಪು ತೆಗೆದ. ಕಟ್ಟು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. 16 ಘನ ಅಡಿ. ಘನ ಅಡಿಗೆ 10 ಕೆ.ಜಿ.ಯಂತೆ 160 ಕೆ.ಜಿ. ಎಂದು ಬರೆದ, ಬಾಡಿಗೆಯೂ ಆ ತೂಕಕ್ಕೇ. ಎದುರಿನ ಆಫೀಸಿನಲ್ಲಿ ಕೇಳಿದರೆ ಅಡಿಗೆ 8, ಅಂದರೆ 128. ಅದೇ ಕಟ್ಟು, ಅದೇ ದಾರಿ!

ಜಾಗದ ಲೆಕ್ಕವೇ ತಪ್ಪು ಅನ್ನುತ್ತಿಲ್ಲ. ಹಗುರ ಸಾಮಾನಿನಿಂದಲೂ ಲಾರಿ ತುಂಬುತ್ತದೆ. ಹತ್ತು ಜನರ ಮಾಲು ಒಟ್ಟು ಮಾಡಿ, ಗೋಡೌನಿನಲ್ಲಿ ಇಳಿಸಿ, ಮತ್ತೆ ಹೇರುವುದಕ್ಕೂ ಖರ್ಚಿದೆ. ಮಳೆಗಾಲದಲ್ಲಿ ನಮ್ಮ ರಸ್ತೆಗಳ ಪಾಡು ಕೇಳಲೇಬೇಡಿ, 2018ರಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದದ್ದು ನೆನಪಿದೆ ಅಲ್ವಾ? ನನ್ನ ತಕರಾರು ಆ 10 ಮತ್ತು 8ರ ಬಗ್ಗೆ ಮಾತ್ರ. ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಈ 10ಕ್ಕೆ ಯಾರ ಮುದ್ರೆ? ಆಫೀಸಿನ ಗೋಡೆ ಮೇಲೆ ದೇವರ ಕ್ಯಾಲೆಂಡರ್ ಇತ್ತು, ದರಪಟ್ಟಿ ಇರಲಿಲ್ಲ.

ಬಿಲ್ಲಿನಲ್ಲಿ ಬಾಡಿಗೆ, ಹಮಾಲಿ, ಎಲ್‌.ಆರ್. (ಲಾರಿ ರಸೀದಿ) ಚಾರ್ಜು, ಕೊನೆಗೆ ‘ಇತರೆ’ 90 ರೂಪಾಯಿ. ಇತರೆ ಅಂದರೆ ಏನಪ್ಪಾ ಎಂದು ಕೇಳಿದೆ. “ಎಲ್ಲರಿಗೂ ಹಾಕ್ತೀವಿ ಸಾರ್” ಅಂದ. ಇದು ಸುಮ್ನೆ 90 ರೂಪಾಯಿಯ ಮಾತಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಗೆ 2011ರಲ್ಲಿ ಬಂದ ನಿಯಮಗಳ ಪ್ರಕಾರ, ನಷ್ಟದ ಹೊಣೆಗೆ ಅವರು ಹಾಕುವ ಜಾಸ್ತಿ ದರ ಕೊಡುತ್ತೇವೆ ಎಂದು ನಾವು ಮೊದಲೇ ಒಪ್ಪದಿದ್ದರೆ, ಕಳೆದರೂ ಒಡೆದರೂ ಪರಿಹಾರ ಬಾಡಿಗೆಯ ಹತ್ತು ಪಟ್ಟಿನ ಒಳಗೇ. ಹಾಗಾದರೆ ‘ಇತರೆ’ಗೆ ಕೊಟ್ಟ ದುಡ್ಡು ಬಾಡಿಗೆಗೆ ಸೇರುತ್ತದಾ, ಇಲ್ವಾ? ಬುಕಿಂಗ್ ಹುಡುಗನಿಗೆ ಗೊತ್ತಿರಲಿಲ್ಲ. ಪಾಪ, ಅವನಿಗೆ ಯಾರು ಹೇಳಬೇಕು?

1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಸರಕು ಗಾಡಿಗಳ ಬಾಡಿಗೆಗೂ ಮೇಲಿನ ಮಿತಿ, ಕೆಳಗಿನ ಮಿತಿ ಹಾಕಲು ರಾಜ್ಯ ಸರ್ಕಾರ ಸೂಚನೆ ಕೊಡಬಹುದು. ದರ ಕಟ್ಟಿಹಾಕಿ ಎಂದು ನಾನು ಕೇಳುವುದಿಲ್ಲ. ತೀರಾ ಕಡಿಮೆ ಕಟ್ಟಿದರೆ ಲಾರಿಗಳು ಘಟ್ಟ ಹತ್ತುವುದನ್ನೇ ಬಿಟ್ಟಾವು. ಬುಕಿಂಗ್ ಆಫೀಸಿನ ಗೋಡೆಗೆ ಕನ್ನಡದಲ್ಲಿ ಒಂದು ಪಟ್ಟಿ ಹಾಕಿಸಿ, ಸಾಕು. ಕೆ.ಜಿ.ಗೆ ಎಷ್ಟು, ಕನಿಷ್ಠ ಬಾಡಿಗೆ ಎಷ್ಟು, ‘ಇತರೆ’ಯೊಳಗೆ ಏನೇನು ಎಂದು ಅದರಲ್ಲಿರಲಿ. ಅಡಿಗೆ ಎಷ್ಟು ಕೆ.ಜಿ. ಎನ್ನುವುದು ಮಾತ್ರ ಎಲ್ಲ ಆಫೀಸಿಗೂ ಒಂದೇ ಇರಲಿ.

ಮುಂದಿನ ವಾರ ಹಾಸನಕ್ಕೆ ಹನ್ನೆರಡು ಪೆಟ್ಟಿಗೆ ಹೋಗಬೇಕು. ಈ ಸಲ ಸ್ಟ್ಯಾಂಡುಗಳನ್ನೆಲ್ಲ ಬಿಚ್ಚಿ ಕಟ್ಟುತ್ತಿದ್ದೇನೆ, ನಾಲ್ಕು ಇಂಚಾದರೂ ಉಳಿಯಲಿ ಅಂತ.

ಇಂತಿ,
ಸುಂಟಿಕೊಪ್ಪದ ಒಬ್ಬ ಜೇನುಪೆಟ್ಟಿಗೆಯವನು