ಹುಡುಕಾಟ ಒಂದೇ ಕಂಪನಿಯ ಕೈಯಲ್ಲಿ ಇರಬಾರದು

ಸಂಪಾದಕರಿಗೆ ನಮಸ್ಕಾರ,

ಗೂಗಲ್ ಪುಕ್ಕಟೆ ಸಿಗುತ್ತದೆ, ನಮಗೇನು ನಷ್ಟ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲಿ ನಾವು ಏನೇನು ಟೈಪ್ ಮಾಡುತ್ತೇವೆ ಯೋಚಿಸಿ. ಮನೆಯವರಿಗೂ ಹೇಳದ ಕಾಯಿಲೆ, ಸಾಲದ ಚಿಂತೆ, ಕೆಲಸ ಬಿಡುವ ಯೋಚನೆ. ಇಷ್ಟೆಲ್ಲ ಗೊತ್ತಿರುವವರನ್ನು ಸುಮ್ನೆ ನಂಬಬೇಕಾ?

ಗೂಗಲ್‌ನ ಲೊಕೇಶನ್ ಹಿಸ್ಟರಿ ಆಫ್ ಮಾಡಿದರೂ 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಅನ್ನುವ ಇನ್ನೊಂದು ಸೆಟ್ಟಿಂಗ್ ಆನ್ ಇದ್ದರೆ ಜನ ಎಲ್ಲಿ ಓಡಾಡಿದರು ಅನ್ನುವುದು ದಾಖಲಾಗುತ್ತಲೇ ಇತ್ತು, ಇದು 2018ರಲ್ಲಿ ಬಯಲಾಯಿತು. 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ 39 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಆಫ್ ಅಂದರೆ ಆಫ್ ಆಗಿರಬೇಕು, ಅಲ್ವಾ?

ಬಿಟ್ಟು ಬೇರೆ ಕಡೆ ಹೋಗೋಣ ಅಂದರೆ ಅದೂ ಸುಲಭವಿಲ್ಲ. ಫೋನ್ ಮತ್ತು ಬ್ರೌಸರ್‌ಗಳಲ್ಲಿ ಮೊದಲೇ ತಾನೇ ಇರಬೇಕು ಅಂತ ಗೂಗಲ್ 2021ರಲ್ಲಿ ಆಪಲ್, ಸ್ಯಾಮ್‌ಸಂಗ್ ಮುಂತಾದವರಿಗೆ ಕೊಟ್ಟಿದ್ದು 2,600 ಕೋಟಿ ಡಾಲರ್‌ಗೂ ಮೇಲೆ. ಹುಡುಕಾಟದಲ್ಲಿ ಅದು ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪು ಕೊಟ್ಟರು. ನಮ್ಮ ಸ್ಪರ್ಧಾ ಆಯೋಗ 2022ರಲ್ಲೇ ಆಂಡ್ರಾಯ್ಡ್ ವಿಷಯದಲ್ಲಿ 1,337 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊಸ ಫೋನ್ ಆನ್ ಮಾಡುವಾಗ ಸರ್ಚ್ ಎಂಜಿನ್ ಆರಿಸುವ ಅವಕಾಶ ಕೊಡಿ ಅಂತಲೂ ಹೇಳಿತ್ತು. ನನಗೆ ದಂಡಕ್ಕಿಂತ ಇದೇ ಮುಖ್ಯ ಅನ್ನಿಸುತ್ತದೆ.

ನಿಮ್ಮ ಪತ್ರಿಕೆಗೆ ಒಂದು ಮನವಿ. 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಆಫ್ ಮಾಡುವುದು ಹೇಗೆ, ಹಳೆಯ ಹುಡುಕಾಟ ಅಳಿಸುವುದು ಹೇಗೆ ಅಂತ ಚಿತ್ರಗಳ ಸಮೇತ ಕನ್ನಡದಲ್ಲಿ ಪ್ರಕಟಿಸಿ. ನಮ್ಮ ಹಿರಿಯರಿಗೆ ಅದು ತುರ್ತಾಗಿ ಬೇಕು.

– ಓದುಗ, ಶಿವಮೊಗ್ಗ